ಚಕ್ಕುಬಂದಿಯಲ್ಲೊಂದು ಇಂಗ್ಲಿಷ್ ಪದ

ಹನುಮಂತನಗರದ ಬಾಡಿಗೆ ಮನೆ ಬಿಟ್ಟು ಬಸವನಗುಡಿಯಲ್ಲಿ ಹಳೇ ಮನೆ ಕೊಳ್ಳಲು ಹೊರಟಿದ್ದೀಯ, ಒಳ್ಳೆಯದಾಗಲಿ ಮಗು. ನೀನು ತೋರಿಸಿದ ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಪಶ್ಚಿಮಕ್ಕೆ ಕನ್ಸರ್ವೆನ್ಸಿ ಲೇನ್’ ಅಂತಿತ್ತಲ್ಲ, ಅದನ್ನು ನೀನು ಗಿಡಮರ ಉಳಿಸಲು ಬಿಟ್ಟ ಜಾಗ ಎಂದುಕೊಂಡೆ. ನಿಘಂಟಷ್ಟೇ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಕಾಪಾಡುವುದು ಎಂಬುದೇ ಆ ಪದದ ಮೂಲಾರ್ಥ. ಥೇಮ್ಸ್ ನದಿಯ ಉಸ್ತುವಾರಿಗೆಂದು 1857ರಲ್ಲಿ ಹುಟ್ಟಿದ ಮಂಡಳಿಯ ಹೆಸರೂ ಥೇಮ್ಸ್ ಕನ್ಸರ್ವೆನ್ಸಿ. ಇಲ್ಲಿನ ದಂಡು ಪ್ರದೇಶಗಳಲ್ಲಿ, ಮುನಿಸಿಪಾಲಿಟಿ ಕಡತಗಳಲ್ಲಿ ಬ್ರಿಟಿಷರು ಅದನ್ನೇ ಕಸ, ಮಲ ಸಾಗಿಸುವ ಕೆಲಸಕ್ಕೆ ಬಳಸಿದರು. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಆಸುಪಾಸಿನಲ್ಲಿ ಬಸವನಗುಡಿ, ಮಲ್ಲೇಶ್ವರ ಎದ್ದಾಗ ಎರಡು ಸಾಲು ಮನೆಗಳ ಹಿತ್ತಲ ನಡುವೆ ಕಿರಿದಾದ ಓಣಿ ಬಿಟ್ಟರು. ಒಳಚರಂಡಿ ಇಲ್ಲದ ಕಾಲ. ಹಿತ್ತಲ ಕೊನೆಗೆ ಕಕ್ಕಸು, ಅದಕ್ಕೆ ಓಣಿಯ ಕಡೆಯಿಂದ ಒಂದು ಗಿಡ್ಡ ಬಾಗಿಲು. ಮನೆ ಮುಂದೆ ರಂಗೋಲಿ ಬೀಳುವ ಹೊತ್ತಿಗೆ ಹಿಂದಿನಿಂದ ಮನುಷ್ಯರು ಬಂದು ಮಲದ ಡಬ್ಬ ಹೊತ್ತುಕೊಂಡು ಹೋಗುತ್ತಿದ್ದರು. ಮನೆಯವರ ಕಣ್ಣಿಗೆ ಬೀಳದಂತೆ ಅವರಿಗೆಂದೇ ಮಾಡಿದ ದಾರಿ ಅದು. ಊರಿನ ಆರೋಗ್ಯ ಕಾಪಾಡಿದವರನ್ನು ನಮ್ಮ ಹಿರಿಯರು ಮುಂಬಾಗಿಲಿಗೆ ಬರಗೊಡಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ಓಣಿಗಳು ಮಾತ್ರ ಹಾಗೇ ಉಳಿದವು, ಪತ್ರಗಳಲ್ಲಿ ಹೆಸರೂ ಉಳಿಯಿತು.

ಈಗ ನಿನ್ನ ವಿಷಯಕ್ಕೆ ಬರೋಣ. ‘ಹಿಂದಿನ ಜಾಗವನ್ನೂ ಸೇರಿಸಿಕೊಳ್ಳಿ ಸಾರ್, ಯಾರೂ ಕೇಳಲ್ಲ’ ಅಂತ ಯಾರಾದರೂ ಹೇಳಿದರೆ ತಲೆಯಾಡಿಸಬೇಡ. ಓಣಿ ಸಾರ್ವಜನಿಕರದ್ದು. ಟೇಪು ಹಿಡಿಸಿ, ಪತ್ರದಲ್ಲಿರುವ ಅಡಿಗೂ ನೆಲದ ಮೇಲಿನ ಅಡಿಗೂ ತಾಳೆ ನೋಡು. ಮಾರುವವರು ಓಣಿಯಲ್ಲಿ ಶೆಡ್ ಎಬ್ಬಿಸಿದ್ದರೆ ನೋಂದಣಿಗೆ ಮುಂಚೆಯೇ ತೆಗೆಸಿಬಿಡು, ಆಮೇಲೆ ಆ ತಕರಾರು ನಿನ್ನ ತಲೆಗೆ ಬರುತ್ತದೆ. ಒಕ್ಕಲು ಬಂದ ಮೇಲೆ ಕಸದ ಚೀಲವನ್ನು ಹಿಂದಕ್ಕೆ ಎಸೆಯಬೇಡ. ಅದನ್ನು ಬಗ್ಗಿ ಎತ್ತುವವರು ಈಗಲೂ ಮನುಷ್ಯರೇ. ಹಸಿ ಕಸ, ಒಣ ಕಸ ಬೇರೆ ಮಾಡಿಡು. ಬೆಳಿಗ್ಗೆ ಬರುವ ಪೌರಕಾರ್ಮಿಕರ ಹೆಸರು ಕೇಳಿ ತಿಳಿದುಕೊಂಡು, ಮುಂಬಾಗಿಲಲ್ಲೇ ನಿಂತು ಕೈಗೆ ಕೊಡು.