ಹಳೇ ವ್ಯಾನಿನ ತುಕ್ಕು: ಬಣ್ಣಕ್ಕೆ ಮುಂಚೆ ಬೇರು ಕೀಳಿ

ಮಾರುತಿ ವ್ಯಾನು ನಮ್ಮ ದೇಶದಲ್ಲಿ 1984ರಲ್ಲಿ ಬಂತು. ಆಮೇಲೆ ಅದಕ್ಕೇ ಓಮ್ನಿ ಅಂತ ಹೆಸರಾಯಿತು. 2019ರಲ್ಲಿ ತಯಾರಿಕೆ ನಿಂತರೂ ಅರಕೆರೆ, ಪಾಂಡವಪುರ, ನಾಗಮಂಗಲ ಕಡೆ ಅನೇಕ ರೈತರ ಮನೆಮುಂದೆ ಅದು ಇನ್ನೂ ಇದೆ. ನಮ್ಮನೆಯಲ್ಲೂ ಒಂದಿದೆ. ಮಳೆ ನಂಬಿ ರಾಗಿ, ಹುರುಳಿ ಬೆಳೆಯುವ ನನ್ನಂಥವರಿಗೆ ಹೊಸ ಗಾಡಿ ದೂರದ ಮಾತು. ಇಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು, ತಗಡು ಪೂರ್ತಿ ತಿಂದುಹೋದರೆ ಗಾಡಿ ಗುಜರಿಗೇ ಸೈ.

ಓಮ್ನಿಗೆ ಲಾರಿಯಂತೆ ಬೇರೆ ಛಾಸಿ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಪಕ್ಕದ ಗೋಡೆ ಎಲ್ಲ ಸೇರಿಯೇ ಭಾರ ಹೊರುತ್ತವೆ. ಹಾಗಾಗಿ ತುಕ್ಕು ಬರೀ ಅಂದದ ವಿಷಯ ಅಲ್ಲ, ಒಳಗೆ ಕೂತವರ ಜೀವದ ವಿಷಯ.

ತುಕ್ಕು ಯಾಕೆ ಬರುತ್ತೆ?

ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು ಹಿಡಿಯುತ್ತೆ. ಉಪ್ಪು ಸೇರಿದರೆ ಇನ್ನೂ ಬೇಗ. ನಾವು ಹಾಕುವ ಪೊಟ್ಯಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಅಡುಗೆ ಉಪ್ಪಿನ ಜಾತಿಯದೇ. ಚೀಲದಿಂದ ಉದುರಿದ ಪುಡಿ ಮ್ಯಾಟಿನ ಅಡಿ ಸೇರಿ, ತೇವ ಎಳೆದುಕೊಂಡು ತಗಡನ್ನು ತಿನ್ನುತ್ತೆ. ಸಗಣಿ ಗೊಬ್ಬರ, ಹಸಿ ಹುಲ್ಲು ಕೂಡ ತೇವ ಹಿಡಿದಿಡುತ್ತವೆ.

ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತೆ. ಅದಕ್ಕೇ ಬಣ್ಣ ಬೊಬ್ಬೆ ಏಳೋದು. ಮೇಲೆ ಕಡಲೆಕಾಳಷ್ಟು ಕಂಡರೆ ಅಡಿಯಲ್ಲಿ ಅದಕ್ಕಿಂತ ಅಗಲ ಹರಡಿರುತ್ತೆ. ಗರಿಕೆ ಬೇರು ಕೀಳದೆ ಉತ್ತರೆ ಮತ್ತೆ ಚಿಗುರೋ ಹಾಗೆ, ತುಕ್ಕಿನ ಮೇಲೆ ಬಣ್ಣ ಹೊಡೆದರೂ ಅದು ಅಡಿಯಲ್ಲೇ ಬೆಳೆಯುತ್ತೆ.

ಮೊದಲು ಪರೀಕ್ಷೆ

ಬೇಸಿಗೆಯಲ್ಲಿ, ಗಾಳಿ ಒಣಗಿರುವಾಗ ಕೆಲಸಕ್ಕೆ ಕೈಹಾಕಿ. ಮ್ಯಾಟು ಕಿತ್ತು, ಗಾಡಿ ತೊಳೆದು, ಎರಡು ದಿನ ಬಿಸಿಲಿಗೆ ಬಿಡಿ. ಜಾರುವ ಬಾಗಿಲ ಕೆಳಗಿನ ಹಳಿ, ಚಕ್ರದ ಮೇಲಿನ ಕಮಾನು, ಗಾಜಿನ ರಬ್ಬರಿನ ಅಂಚು, ಬ್ಯಾಟರಿ ಕೂರುವ ಜಾಗ, ಇಷ್ಟನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಅನ್ನುತ್ತೆ, ತಿಂದ ತಗಡು ಬದ್ದು ಬದ್ದಾಗಿ ಕೇಳುತ್ತೆ. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಮೇಲ್ತುಕ್ಕು ಇದ್ದರೆ

ಕೆರೆದು, ತಂತಿ ಬ್ರಷ್ ಹಾಕಿ. ಆಮೇಲೆ 80 ನಂಬರ್ ಎಮರಿ ಪೇಪರಿನಿಂದ ಹೊಳೆಯುವ ಕಬ್ಬಿಣ ಕಾಣೋವರೆಗೂ ಉಜ್ಜಿ. ಸುತ್ತಲಿನ ಹಳೇ ಬಣ್ಣದ ಅಂಚನ್ನು 220 ನಂಬರಿನಲ್ಲಿ ಇಳಿಜಾರು ಮಾಡಿ, ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅವತ್ತೇ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಿರಿ. ಬರೀ ಕಬ್ಬಿಣ ರಾತ್ರಿ ಇಬ್ಬನಿಗೆ ಬಿಟ್ಟರೆ ಮತ್ತೆ ಕೆಂಪಾಗುತ್ತೆ. ಪ್ರೈಮರ್ ಒಂದೇ ನೀರು ತಡೆಯೋಲ್ಲ. ಅದು ಒಣಗಿದ ಮೇಲೆ ತೆಳುವಾಗಿ ಎರಡು ಕೋಟು ಎನಾಮಲ್ ಬಣ್ಣ ಬೇಕೇ ಬೇಕು. ಗಾಡಿಗೆ ಪೂರ್ತಿ ಬಣ್ಣ ಹೊಡೆಸೋದಾದರೆ ಆರ್‌ಸಿಯಲ್ಲಿರುವ ಬಣ್ಣವನ್ನೇ ಹೊಡೆಸಿ.

ತೂತು ಬಿದ್ದಿದ್ದರೆ

ತೂತಿನ ಮೇಲೆ ಪುಟ್ಟಿ ಮೆತ್ತೋದು ಕೆಲಸ ಅಲ್ಲ. ಪುಟ್ಟಿ ನೀರು ಕುಡಿಯುತ್ತೆ, ಹಿಂದುಗಡೆಯಿಂದ ತುಕ್ಕು ನಡೀತಾನೇ ಇರುತ್ತೆ, ಭಾರವನ್ನಂತೂ ಅದು ಹೊರೋಲ್ಲ. ಗಟ್ಟಿ ತಗಡು ಸಿಗೋವರೆಗೂ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಇದು ಟಿಂಕರ್ ಕೆಲಸ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ತಂತಿ ಬಿಚ್ಚಿಸಿ. ಪೆಟ್ರೋಲ್ ಟ್ಯಾಂಕು, ಪೈಪು, ಗ್ಯಾಸ್ ಸಿಲಿಂಡರ್ ಹತ್ತಿರವಾದರೆ ಅವನ್ನು ಇಳಿಸದೆ ಕಿಡಿ ಹಾರಿಸಲು ಬಿಡಬೇಡಿ. ಬೆಸುಗೆಯ ಹಿಂಭಾಗಕ್ಕೂ ಪ್ರೈಮರ್ ಹೋಗಬೇಕು. ಟಿಂಕರ್ ಪುಟ್ಟಿ ಹಾಕೋಕೆ ಮುಂಚೆ ನೀವೇ ನಿಂತು ನೋಡಿ, ಆಮೇಲೆ ಏನೂ ಕಾಣಿಸೋಲ್ಲ.

ಸ್ವಂತ ಬಳಕೆಯ ಗಾಡಿಗೆ 15 ವರ್ಷ ಆದ ಮೇಲೆ ನೋಂದಣಿ ನವೀಕರಣಕ್ಕೆ ತಪಾಸಣೆಗೆ ಒಯ್ಯಬೇಕು, ಆಮೇಲೆ 5 ವರ್ಷಕ್ಕೊಮ್ಮೆ. ಅದಕ್ಕಾಗಿ ಬಣ್ಣ ಬಳಿದು ನಿಲ್ಲಿಸೋಕಿಂತ ತಗಡು ಗಟ್ಟಿ ಮಾಡಿ ನಿಲ್ಲಿಸೋದು ಮೇಲು.

ಆಮೇಲಿನ ಪಾಲನೆ

ಗೊಬ್ಬರ ಹೇರಬೇಕಾದರೆ ಅಡಿಗೆ ಟಾರ್ಪಾಲ್ ಹಾಸಿ. ಇಳಿಸಿದ ದಿನವೇ ಗುಡಿಸಿ, ತೊಳೆದು, ಬಾಗಿಲು ತೆಗೆದಿಟ್ಟು ಒಣಗಿಸಿ. ಬಾಗಿಲುಗಳ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಅವು ಮಣ್ಣು ಕಟ್ಟಿದರೆ ನೀರು ಒಳಗೇ ನಿಲ್ಲುತ್ತೆ. ಮುಂಗಾರಿಗೆ ಮುಂಚೆ ಒಂದು ಸಲ, ಹಿಂಗಾರು ಮುಗಿದ ಮೇಲೆ ಒಂದು ಸಲ ಪೊರಕೆ ಕಡ್ಡಿ ಹಾಕಿ ಬಿಡಿಸಿ. ಇದಕ್ಕೆ ಕಾಸು ಖರ್ಚಿಲ್ಲ.