ಅಮೆರಿಕದ ಕ್ರೆಡಿಟ್ ರಿಪೋರ್ಟ್ ಓದುವ ಬಗೆ

ಅಮೆರಿಕದಲ್ಲಿ ಒಬ್ಬರು ಎಲ್ಲೆಲ್ಲಿ ಸಾಲ ಪಡೆದರು, ಅದನ್ನು ಹೇಗೆ ತೀರಿಸುತ್ತಿದ್ದಾರೆ ಎಂಬುದರ ದಾಖಲೆಯೇ ಕ್ರೆಡಿಟ್ ರಿಪೋರ್ಟ್. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಖಾಸಗಿ ಕಂಪನಿಗಳು ಇದನ್ನು ಬೇರೆಬೇರೆಯಾಗಿ ಇಟ್ಟಿರುತ್ತವೆ. ಬ್ಯಾಂಕುಗಳು ಮೂರಕ್ಕೂ ಮಾಹಿತಿ ಕೊಡಲೇಬೇಕೆಂದಿಲ್ಲ. ಹಾಗಾಗಿ ಮೂರು ವರದಿಗಳೂ ಒಂದೇ ತೆರನಾಗಿರುವುದಿಲ್ಲ. ಭಾರತದಲ್ಲಿ ಇಂಥದೇ ದಾಖಲೆ ಇಡುವ ಸಿಬಿಲ್ ಕೂಡ ಟ್ರಾನ್ಸ್‌ಯೂನಿಯನ್ ಒಡೆತನದ್ದೇ, ಆದರೂ ಅಲ್ಲಿನ ದಾಖಲೆ ಇಲ್ಲಿಗೆ ತಾನಾಗಿ ಬರುವುದಿಲ್ಲ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಮನೆಸಾಲದ ಕಂತು ತಪ್ಪದೆ ಕಟ್ಟಿದವರ ವರದಿಯೂ ಇಲ್ಲಿ ಖಾಲಿಯಾಗಿಯೇ ಶುರುವಾಗುತ್ತದೆ.

ಮೊದಲ ಭಾಗದಲ್ಲಿ ಹೆಸರು, ವಿಳಾಸಗಳು, ಹುಟ್ಟಿದ ದಿನಾಂಕ, ಸೋಷಿಯಲ್ ಸೆಕ್ಯುರಿಟಿ ನಂಬರ್ ಇರುತ್ತವೆ. ಕಣ್ಣಾಡಿಸಿ ಬಿಟ್ಟುಬಿಡುವಂತೆ ಕಂಡರೂ ಕನ್ನಡಿಗರು ಹೆಚ್ಚು ನಿಗಾ ಇಡಬೇಕಾದದ್ದು ಇಲ್ಲಿಯೇ. ಇನಿಷಿಯಲ್ ಒಂದು ಕಾರ್ಡಿನಲ್ಲಿ ತಂದೆಯ ಹೆಸರಾಗಿ, ಇನ್ನೊಂದರಲ್ಲಿ ಊರಿನ ಹೆಸರಾಗಿ ಬಿಡಿಸಿಕೊಂಡಿರಬಹುದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ಅದೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್) ಎಂದು ಬೀಳುತ್ತದೆ. ಇಂಥ ಗೊಂದಲದಿಂದ ಒಬ್ಬರದೇ ದಾಖಲೆ ಎರಡಾಗಿ ಒಡೆಯುವುದೂ ಉಂಟು, ಅದೇ ಹೆಸರಿನ ಇನ್ನೊಬ್ಬರ ಸಾಲ ಬಂದು ಸೇರಿಕೊಳ್ಳುವುದೂ ಉಂಟು.

ಎರಡನೆಯದು ಖಾತೆಗಳ ವಿವರ: ತೆರೆದ ದಿನಾಂಕ, ಮಿತಿ, ಬಾಕಿ, ತಿಂಗಳು ತಿಂಗಳ ಪಾವತಿ. ಬಾಕಿಯ ಅಂಕಿ ಹಲವರನ್ನು ಗಾಬರಿಗೊಳಿಸುತ್ತದೆ. 1,000 ಡಾಲರ್ ಮಿತಿಯ ಕಾರ್ಡಿನಲ್ಲಿ 900 ಡಾಲರ್ ಖರ್ಚುಮಾಡಿ, ಗಡುವಿನೊಳಗೆ ಪೂರ್ತಿ ಕಟ್ಟಿದ್ದರೂ ವರದಿಯಲ್ಲಿ 900 ಎಂದೇ ಕಾಣಬಹುದು. ಬ್ಯಾಂಕುಗಳು ಸಾಮಾನ್ಯವಾಗಿ ತಿಳಿಸುವುದು ಸ್ಟೇಟ್‌ಮೆಂಟ್ ತಯಾರಾದ ದಿನದ ಬಾಕಿಯನ್ನು. ಇದು ತಪ್ಪಲ್ಲ, ಆದರೆ ವರದಿಯ ಆಧಾರದ ಮೇಲೆ ಲೆಕ್ಕಹಾಕುವ ಕ್ರೆಡಿಟ್ ಸ್ಕೋರನ್ನು ತಗ್ಗಿಸುತ್ತದೆ. ಸ್ಟೇಟ್‌ಮೆಂಟಿಗೆ ಮೊದಲೇ ಒಂದಷ್ಟು ಕಟ್ಟಿದರೆ ಅಂಕಿ ಇಳಿಯುತ್ತದೆ. ನಾಲ್ಕಾರು ದಿನ ತಡವಾದರೆ ದಂಡ ಬೀಳಬಹುದು, ವರದಿಗೆ ಏರುವುದು ಮಾತ್ರ 30 ದಿನ ಮೀರಿದ ಬಾಕಿ. ಒಮ್ಮೆ ಏರಿದರೆ ಏಳು ವರ್ಷದವರೆಗೆ ಉಳಿಯಬಹುದು.

ಕೊನೆಗೆ ವಿಚಾರಣೆಗಳು. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ವರದಿ ತರಿಸಿ ನೋಡಿದ್ದು ಎರಡು ವರ್ಷ ಕಾಣುತ್ತದೆ. ಸ್ವಂತ ವರದಿಯನ್ನು ತಾವೇ ನೋಡಿದರೆ ಸ್ಕೋರಿಗೆ ಯಾವ ಧಕ್ಕೆಯೂ ಇಲ್ಲ. ಸಂಬಳ, ಉಳಿತಾಯ ಖಾತೆಯ ಹಣ, ಡೆಬಿಟ್ ಕಾರ್ಡಿನ ಖರ್ಚು ವರದಿಯಲ್ಲಿ ಇರುವುದಿಲ್ಲ.

ಮೂರೂ ಕಂಪನಿಗಳ ವರದಿ ಆನ್ಯುಯಲ್‌ಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್‌ನಲ್ಲಿ ವಾರಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ; ಸ್ಕೋರ್ ಅದರಲ್ಲಿ ಸೇರಿರುವುದಿಲ್ಲ. ತಪ್ಪು ಕಂಡುಬಂದರೆ ಅದನ್ನು ತೋರಿಸುವ ಕಂಪನಿಗೆ ಪುರಾವೆಯ ಪ್ರತಿಯೊಂದಿಗೆ ತಕರಾರು ಸಲ್ಲಿಸಬಹುದು. 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯಂತೆ ಅದು ಸಾಮಾನ್ಯವಾಗಿ 30 ದಿನದೊಳಗೆ ಪರಿಶೀಲಿಸಬೇಕು. ಮಾಹಿತಿ ಕೊಟ್ಟ ಬ್ಯಾಂಕಿಗೂ ಜೊತೆಯಲ್ಲೇ ಬರೆಯುವುದು ಒಳ್ಳೆಯದು. ಅಲ್ಲಿ ತಿದ್ದದಿದ್ದರೆ ಅದೇ ತಪ್ಪು ಉಳಿದೆರಡು ವರದಿಗಳಲ್ಲೂ ಹಾಗೆಯೇ ಇರಬಹುದು.