ಟರ್ಬೊ ಹಾಕಿಸುವ ಮುಂಚೆ, ಬಾಟಲ್ ಕಟ್ಟುವ ಮುಂಚೆ

ನೋಡು ತಮ್ಮಾ, ಸಂಬಳದಲ್ಲಿ ಉಳಿಸಿದ ದುಡ್ಡನ್ನು ಕಾರಿನ ಎಂಜಿನ್ನಿಗೆ ಸುರಿಯಬೇಕು ಅನ್ನುವ ನಿನ್ನ ಆಸೆಗೆ ನಾನು ಅಡ್ಡ ಬರುವುದಿಲ್ಲ. ವಯಸ್ಸಿಗೆ ತಕ್ಕ ಹುಚ್ಚು, ಇರಲಿ. ಆದರೆ ಟರ್ಬೊ ಹಾಕಿಸಲೋ ನೈಟ್ರಸ್ ಬಾಟಲ್ ಕಟ್ಟಲೋ ಅಂತ ಕೇಳುವಾಗೆಲ್ಲ ನೀನು ‘ಯಾವುದರಲ್ಲಿ ಪವರ್ ಜಾಸ್ತಿ?’ ಅಂತ ಶುರು ಮಾಡುತ್ತೀಯ. ಪವರ್ ಎರಡರಲ್ಲೂ ಬರುತ್ತದೆ. ಅದು ನಿನಗೆ ಎಷ್ಟು ಹೊತ್ತು ಬೇಕು, ಯಾವ ರಸ್ತೆಯಲ್ಲಿ ಬೇಕು ಅನ್ನುವುದನ್ನು ಮೊದಲು ತೀರ್ಮಾನ ಮಾಡಿಕೊ. ಯಾವುದು ಹಾಕಿಸಬೇಕು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಕುಡಿಸುವುದು ದೊಡ್ಡ ವಿದ್ಯೆಯಲ್ಲ. ಅದನ್ನು ಉರಿಸುವಷ್ಟು ಆಮ್ಲಜನಕ ಸಿಲಿಂಡರಿನೊಳಗೆ ಬೇಕಲ್ಲ, ಕಷ್ಟ ಅಲ್ಲಿರುವುದು. ಸೌದೆ ಒಲೆಗೆ ಊದುಗೊಳವೆ ಹಿಡಿದು ಊದಿದರೆ ಬೆಂಕಿ ಭಗ್ಗನೆ ಏಳುತ್ತದಲ್ಲ, ಟರ್ಬೊ, ಸೂಪರ್‌ಚಾರ್ಜರ್ ಮಾಡುವ ಕೆಲಸವೂ ಅದೇ: ಗಾಳಿಯನ್ನು ಒತ್ತಿ ಒಳಗೆ ನೂಕುತ್ತವೆ. ನೈಟ್ರಸ್ ಮಾಡುವುದು ಬೇರೆ. ತೂಕದ ಲೆಕ್ಕದಲ್ಲಿ ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಶೇಕಡ 23. ನೈಟ್ರಸ್ ಆಕ್ಸೈಡಿನಲ್ಲಿ ಶೇಕಡ 36. ಅದು ತಾನಾಗಿ ಉರಿಯುವ ಅನಿಲವಲ್ಲ. ಸಿಲಿಂಡರಿನ ಶಾಖಕ್ಕೆ ಒಡೆದು, ಹಿಡಿದಿಟ್ಟುಕೊಂಡಿದ್ದ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಸಿನಿಮಾದಲ್ಲಿ ಬಾಟಲಿನಿಂದ ಬೆಂಕಿ ಬರುವುದನ್ನು ನೋಡಿ ಮೋಸ ಹೋಗಬೇಡ.

ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿನಷ್ಟು ಎತ್ತರದಲ್ಲಿದೆ, ಗಾಳಿ ಸುಮಾರು ಹತ್ತರಲ್ಲಿ ಒಂದು ಪಾಲು ತೆಳು. ಟರ್ಬೊ ಇಲ್ಲದ ಕಾರು ಮಂಗಳೂರಿನಲ್ಲಿ ಎಳೆಯುವಷ್ಟು ಇಲ್ಲಿ ಎಳೆಯುವುದಿಲ್ಲ. ಟರ್ಬೊ ಆ ಕೊರತೆಯನ್ನು ಬಹುಪಾಲು ತುಂಬಿಕೊಡುತ್ತದೆ. ಇದು ಟರ್ಬೊ ಪರವಾಗಿ ಒಂದು ಒಳ್ಳೆಯ ಮಾತು.

ಟರ್ಬೊವನ್ನು ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಚಿ ಎಂಬ ಎಂಜಿನಿಯರ್ ಪೇಟೆಂಟ್ ಮಾಡಿಸಿದ್ದು 1905ರಲ್ಲಿ. ಹೊರಗೆ ದಂಡವಾಗಿ ಹೋಗುವ ಎಕ್ಸಾಸ್ಟಿನಿಂದಲೇ ಒಂದು ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ಚಕ್ರದಿಂದ ಗಾಳಿ ಒತ್ತುವ ಯುಕ್ತಿ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗುವ ಆ ಶಾಫ್ಟ್ ಬದುಕುವುದು ತೆಳುವಾದ ಆಯಿಲ್ ಪದರದ ಮೇಲೆ. ಆಯಿಲ್ ಬದಲಿಸಲು ಸೋಮಾರಿತನ ಮಾಡುವವನು ಟರ್ಬೊ ಕನಸು ಕಾಣಬಾರದು.

ಒಂದು ಲೆಕ್ಕ ಕೇಳು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ. ಅದರ ಮೇಲೆ 6 ಪಿಎಸ್‌ಐ ಬೂಸ್ಟ್ ಕೊಟ್ಟರೆ ಕಾಗದದ ಮೇಲೆ ಶೇಕಡ 40 ಹೆಚ್ಚು ಗಾಳಿ. ಆದರೆ ಒತ್ತಿದ ಗಾಳಿ ಕಾಯುತ್ತದೆ, ಕಾದದ್ದು ಹಿಗ್ಗುತ್ತದೆ. ಇಂಟರ್‌ಕೂಲರ್ ಹಾಕಿ, ಟ್ಯೂನಿಂಗ್ ಚೆನ್ನಾಗಿ ಮಾಡಿಸಿದರೂ ಕೈಗೆ ಸಿಗುವುದು ಶೇಕಡ 30ರ ಹತ್ತಿರ. ಅದೇನು ಕಡಿಮೆಯಲ್ಲ. ಆದರೆ ನಿನ್ನ ಕಾರಿನ ಕಂಪ್ರೆಶನ್ ರೇಶಿಯೊ 11ರ ಆಸುಪಾಸು. ಮೊದಲೇ ಬಿಗಿಯಾಗಿ ಒತ್ತುವ ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕಿದರೆ, ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ನಾಕಿಂಗ್ ಶುರುವಾಗುತ್ತದೆ. ಆ ಟಕಟಕ ಸದ್ದನ್ನು ಅಸಡ್ಡೆ ಮಾಡಿದರೆ ಪಿಸ್ಟನ್ ರಿಂಗ್ ಒಡೆಯುವುದಕ್ಕೋ ಹೆಡ್ ಗ್ಯಾಸ್ಕೆಟ್ ಹೋಗುವುದಕ್ಕೋ ಹೆಚ್ಚು ದಿನ ಬೇಕಿಲ್ಲ.

ಈ ನಾಕಿಂಗ್ ಕಾಟ ದೊಡ್ಡ ಕಂಪನಿಗಳನ್ನೂ ಬಿಡಲಿಲ್ಲ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಅನ್ನುವ ಟರ್ಬೊ ಕಾರು ತಂದಿತು. ಕಂಪ್ರೆಶನ್ ರೇಶಿಯೊ 10.25. ನಾಕಿಂಗ್ ತಡೆಯಲು ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಚಿಮ್ಮಿಸುವ ಏರ್ಪಾಡು ಮಾಡಿದ್ದರು. ಕೊಂಡವರು ಆ ತೊಟ್ಟಿ ತುಂಬಿಸಲು ಮರೆತರು, ತೊಂದರೆಗಳು ಬಂದವು, ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಬಿಚ್ಚಿ ಮಾಮೂಲಿ ಕಾರ್ಬುರೇಟರ್ ಕೂರಿಸಬೇಕಾಯಿತು. 1963ಕ್ಕೆ ಆ ಕಾರಿನ ಕಥೆ ಮುಗಿಯಿತು. ಎಂಜಿನ್ ಹುಟ್ಟಿಸಿದ ಕಂಪನಿಯ ಪಾಡೇ ಹೀಗಾದರೆ, ಕಿಟ್ ತಂದು ಕೂರಿಸುವವನ ಕೈಲಿ ನಿನ್ನ ಎಂಜಿನ್ ಎಷ್ಟು ಸುರಕ್ಷಿತ, ನೀನೇ ಯೋಚಿಸು. ಟರ್ಬೊ ಒಂದೇ ಬರುವುದಿಲ್ಲ. ಇಂಜೆಕ್ಟರ್, ಫ್ಯೂಯೆಲ್ ಪಂಪ್, ಇಸಿಯು ಟ್ಯೂನಿಂಗ್, ಕ್ಲಚ್, ರೇಡಿಯೇಟರ್ ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ.

ಸೂಪರ್‌ಚಾರ್ಜರ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಲ್ಟಿನಿಂದ ತಿರುಗುವುದರಿಂದ ಆಕ್ಸಿಲರೇಟರ್ ಒತ್ತಿದ ಕೂಡಲೇ ಎಳೆತ ಸಿಗುತ್ತದೆ, ಟರ್ಬೊದಂತೆ ಕಾಯಬೇಕಿಲ್ಲ. ಆದರೆ ತಿರುಗಲು ಎಂಜಿನ್ನಿನ ಶಕ್ತಿಯನ್ನೇ ತಿನ್ನುತ್ತದೆ. ನಮ್ಮ ಸಣ್ಣ ಕಾರುಗಳಿಗೆ ಸರಿಹೊಂದುವ ಕಿಟ್ ಸಿಗುವುದೂ ಕಷ್ಟ.

ಇನ್ನು ನಿನ್ನ ಮುದ್ದಿನ ನೈಟ್ರಸ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಕೆಲವು ಯುದ್ಧವಿಮಾನಗಳು ಗಾಳಿ ತೆಳುವಾದ ಎತ್ತರದಲ್ಲಿ ಇದನ್ನೇ ಎಂಜಿನ್ನಿಗೆ ಬಿಟ್ಟುಕೊಂಡು ಹಾರಾಡಿದವು, ಅದೂ ಟ್ಯಾಂಕಿನಲ್ಲಿ ಇರುವಷ್ಟು ಹೊತ್ತು. ಇದರ ಸ್ವಭಾವವೇ ಹಾಗೆ. ಬಾಟಲಿನಲ್ಲಿ ದ್ರವವಾಗಿರುವ ನೈಟ್ರಸ್ ಹೊರಬಿದ್ದ ಕೂಡಲೇ ಮೈನಸ್ 88 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ, ಒಳಹೋಗುವ ಗಾಳಿಯನ್ನು ತಣ್ಣಗೆ ಮಾಡುತ್ತದೆ. ಕಿಟ್ ಹಗುರ, ಟರ್ಬೊಗಿಂತ ಅಗ್ಗ, ಗುಂಡಿ ಒತ್ತದ ದಿನ ಕಾರು ಹಳೆಯ ಕಾರೇ. ಆದರೆ 4.5 ಕೆ.ಜಿ. ಬಾಟಲಿನಿಂದ 50 ಎಚ್‌ಪಿ ಹೆಚ್ಚಿಸುವ ‘ಶಾಟ್’ ಕೊಟ್ಟರೆ ಎಲ್ಲ ಕೂಡಿಸಿ ಎರಡೂವರೆ, ಮೂರು ನಿಮಿಷದ ಆಟ ಅಷ್ಟೆ. ಕಾಲು ಮೈಲಿ ಡ್ರ್ಯಾಗ್ ಓಡಿಸುವವನಿಗೆ ಅದು ಧಾರಾಳ. ಚಾರ್ಮಾಡಿ ಘಾಟಿ ಹತ್ತುವವನಿಗೆ ಮೊದಲ ನಾಲ್ಕು ತಿರುವಿಗೂ ಸಾಲದು.

ಹಾಕಿಸುವುದೇ ಆದರೆ ನೈಟ್ರಸ್ ಜೊತೆಗೇ ಪೆಟ್ರೋಲನ್ನೂ ಚಿಮ್ಮಿಸುವ ವೆಟ್ ಕಿಟ್ ಹಾಕಿಸು. ಆಮ್ಲಜನಕ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಕರಗಿ ತೂತು ಬೀಳುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ಮಾತ್ರ, ಅದೂ 3,000 ಆರ್‌ಪಿಎಂ ದಾಟಿದ ಮೇಲೆ ಮಾತ್ರ ಬಿಡುವ ಸ್ವಿಚ್‌ಗಳು ಇರಲೇಬೇಕು. ಇಗ್ನಿಷನ್ ಟೈಮಿಂಗ್ ಸ್ವಲ್ಪ ಹಿಂದಕ್ಕೆ ಇಡಿಸಬೇಕು. ರೆವ್ ಲಿಮಿಟರ್ ಮುಟ್ಟುವ ಮುಂಚೆ ಗ್ಯಾಸ್ ನಿಲ್ಲಬೇಕು. ಸ್ನೇಹಿತರ ಮುಂದೆ 100 ಎಚ್‌ಪಿ ಶಾಟ್ ಹಾಕಿಸಿದೆ ಅಂತ ಹೇಳಿಕೊಳ್ಳುವ ಚಪಲ ಬೇಡ, ನಿನ್ನ 1.2 ಲೀಟರ್ ಎಂಜಿನ್ನಿಗೆ 25 ಎಚ್‌ಪಿಯೇ ಹಬ್ಬ.

ನಮ್ಮ ಸೀಮೆಯ ಬಿಸಿಲನ್ನು ಮರೆಯಬೇಡ. ನೈಟ್ರಸ್ 36.4 ಡಿಗ್ರಿ ದಾಟಿತೆಂದರೆ ದ್ರವವಾಗಿ ಉಳಿಯುವುದೇ ಇಲ್ಲ, ಒತ್ತಡ ಸರಸರನೆ ಏರುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಬಯಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡಿಕ್ಕಿಯೊಳಗೆ ಎಷ್ಟು ಕಾವಿರುತ್ತದೆ ಅಂತ ನಿನಗೆ ನಾನು ಹೇಳಬೇಕಿಲ್ಲ. ಸೇಫ್ಟಿ ಡಿಸ್ಕ್ ಸಿಡಿದರೆ ಗ್ಯಾಸ್ ಹೊರಗೆ ಹೋಗುವ ಪೈಪ್ ಇಲ್ಲದ ಬಾಟಲನ್ನು ಕಾರಿನಲ್ಲಿ ಇಡಲೇಬಾರದು. ಇನ್ನೊಂದು: ಆಸ್ಪತ್ರೆಯಲ್ಲಿ ಅರಿವಳಿಕೆಗೆ ಬಳಸುವುದೂ ಇದೇ ಅನಿಲ. ಅಲ್ಲಿಂದ ಸಿಲಿಂಡರ್ ಮಾಡಿಸಿಕೊಡುತ್ತೇನೆ ಅನ್ನುವವನ ಸಹವಾಸ ಮಾಡಬೇಡ. ರೋಗಿಯ ಪಾಲಿನದು ನಮಗೆ ಬೇಡ, ಕಾನೂನಿನ ತಂಟೆಯೂ ಬೇಡ.

ಕಾನೂನು ಅಂದ ಮೇಲೆ ಇದನ್ನೂ ಕೇಳಿಬಿಡು. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಗಟ್ಟಿಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ವಾರಂಟಿ ಹೋಗುವುದು ಖಂಡಿತ. ಅಪಘಾತವಾದರೆ ಇನ್ಶೂರೆನ್ಸ್‌ನವರು ಬಾನೆಟ್ ಎತ್ತಿ ನೋಡಿ ಕ್ಲೇಮ್ ತಿರಸ್ಕರಿಸಿದರೆ, ನಿನ್ನ ಮನೆಯವರು ಬೀದಿಗೆ ಬೀಳುತ್ತಾರೆ.

ಹಾಗಾಗಿ ನನ್ನ ತೀರ್ಮಾನ ಹೇಳುತ್ತೇನೆ. ದಿನಾ ಆಫೀಸಿಗೆ ಹೋಗುವ ಕಾರಾದರೆ ಎರಡೂ ಬೇಡ. ಎಳೆತ ಬೇಕಿದ್ದರೆ ಕಾರ್ಖಾನೆಯಲ್ಲೇ ಟರ್ಬೊ ಕೂಡಿಸಿದ ಕಾರು ತಗೋ. ಮಾರುತಿ ಫ್ರಾಂಕ್ಸ್ ಒಂದೇ ಕಾರು, ಎರಡು ಎಂಜಿನ್: 1.2 ಲೀಟರಿನದು 113 ಎನ್‌ಎಂ ಟಾರ್ಕ್ ಕೊಟ್ಟರೆ 1 ಲೀಟರ್ ಟರ್ಬೊ 147 ಎನ್‌ಎಂ ಕೊಡುತ್ತದೆ, ವಾರಂಟಿ ಸಮೇತ. ರಸ್ತೆಗೆ ತರದೆ ಟ್ರ್ಯಾಕಿನಲ್ಲೇ ಸುತ್ತು ಹೊಡೆಯುವ ಹಳೆಯ ಕಾರೊಂದಿದ್ದರೆ, ಎಂಜಿನ್ ಬಿಚ್ಚಿ ಕಂಪ್ರೆಶನ್ ಇಳಿಸಿ, ಗಟ್ಟಿ ಪಿಸ್ಟನ್ ಹಾಕಿ ಟರ್ಬೊ ಕೂರಿಸು. ವರ್ಷಕ್ಕೊಮ್ಮೆ ಅಧಿಕೃತ ಡ್ರ್ಯಾಗ್ ಓಟಕ್ಕೆ ಹೋಗುವುದಷ್ಟೇ ನಿನ್ನ ಆಸೆಯಾದರೆ, ಆಯೋಜಕರ ನಿಯಮ ಓದಿಕೊಂಡು, ಟ್ರೇಲರಿನಲ್ಲಿ ಕಾರು ಒಯ್ದು, ಸಣ್ಣ ಶಾಟ್ ನೈಟ್ರಸ್ ಸಾಕು.

ಯಾವುದೇ ದಾರಿ ಹಿಡಿ, ಮೊದಲ ದುಡ್ಡು ಒಳ್ಳೆಯ ಟಯರಿಗೆ, ಬ್ರೇಕಿಗೆ ಹೋಗಲಿ. ಎರಡನೆಯದು ಕಂಪ್ರೆಶನ್ ಟೆಸ್ಟಿಗೆ. ನಾಲ್ಕು ಸಿಲಿಂಡರಿನ ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ ಟರ್ಬೊ, ನೈಟ್ರಸ್ ಮಾತನ್ನೇ ಎತ್ತದೆ ಮೊದಲು ಎಂಜಿನ್ ಕೆಲಸ ಮಾಡಿಸು.